ಕೌದಿಯೊಳಗಿನ ಕಾಗದ

ಜನವರಿ 9

ಅತ್ತಿಗೆಗೆ,

ನೀವು ನಮ್ಮಣ್ಣನ ಹೆಂಡತಿಯಾಗಿ ಬಂದು ಹದಿನಾಲ್ಕು ವರ್ಷವಾಯಿತು, ನಿಮಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು. ಅಮ್ಮ ಹೋಗಿ ಎಂಟು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ ಅಂದರೆ ಕೆಲಸವಿದೆ ಅಂತಲೇ ಅರ್ಥ. ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ.

ಅಮ್ಮ ನನಗೊಂದು ಕೌದಿ ಹೊಲಿದುಕೊಡುತ್ತೇನೆ ಅಂದಿದ್ದಳು. ಕಾಗದದ ಅಚ್ಚಿನ ಮೇಲೆ ಬಟ್ಟೆ ಮಡಚಿ ಹೊಲಿಯುವ ಕೌದಿ, ಆರು ಮೂಲೆಯ ತುಂಡುಗಳದ್ದು. ಕೊಡಲಿಲ್ಲ. ಈಗ ಅವಳ ಬಟ್ಟೆಗಳಿಂದಲೇ ಅದು ಆಗಬೇಕು. ಬಟ್ಟೆ ನಿಮ್ಮ ಬೀರುವಿನಲ್ಲಿದೆ, ಕೈ ದರ್ಜಿಯ ಕೈ, ಬೇರೆ ಯಾರನ್ನು ಕೇಳಲಿ? ಬಣ್ಣ ಮಾತ್ರ ನಾನು ಹೇಳುತ್ತೇನೆ. ಪೇಂಟ್ ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ಬಣ್ಣ ಬೆರೆಸುತ್ತಿದ್ದೇನೆ. ಗೋಡೆಯ ಚೂರೊಂದನ್ನು ತಂದುಕೊಟ್ಟರೆ ಅದೇ ಬಣ್ಣವನ್ನು ಡಬ್ಬಿಯಲ್ಲಿ ತುಂಬಿ ಕೊಡುತ್ತೇನೆ. ಆ ಕಣ್ಣು ಅಮ್ಮ ಕೊಟ್ಟದ್ದು. ಈ ಕಾಗದ ತಿರುಗಿಸಿ ನೋಡಿ, ಅಂಗಡಿಯ ಹಳೆಯ ಶೇಡ್ ಕಾರ್ಡು. ಅಮ್ಮನಿಗೂ ಇದರ ಮೇಲೇ ಬರೆಯುತ್ತಿದ್ದೆ, ಓದಿ ಮುಗಿಸಿ ಹಿಂಬದಿಯ ಬಣ್ಣ ನೋಡಿಕೊಂಡು ಕೂರಲಿ ಅಂತ.

ನಡುವಿಗೆ ಅವಳ ನೀಲಿ ಹೂವಿನ ನಿಲುವಂಗಿ. ಸುತ್ತ ಕೆನೆ ಬಣ್ಣ, ಅಡುಗೆಮನೆ ಕಿಟಕಿಯ ಪರದೆ ಇತ್ತಲ್ಲ, ಅದು. ಆಮೇಲೆ ತಿಳಿ ಹಸಿರು. ಅಂಚಿಗೆ ಕಡುನೀಲಿ. ಕೆಂಪು ಒಂದು ಚೂರೂ ಬೇಡ, ಏಕೆ ಅಂತ ಅಮ್ಮನಿಗೆ ಗೊತ್ತಿತ್ತು.

ಇನ್ನೊಂದು ಮಾತು. ಅವಳು ಹೋಗುವ ಮುಂಚೆ, ಏಪ್ರಿಲ್ ಕೊನೆಯಲ್ಲಿ, ಅಮ್ಮನಿಗೆ ಒಂದು ಕಾಗದ ಹಾಕಿದ್ದೆ. ಅದು ಸಿಕ್ಕಿತೇ? ಓದಿದಳೇ? ನಾಲ್ಕು ವರ್ಷದ ಸಿಟ್ಟು ಇಟ್ಟುಕೊಂಡೇ ಹೋದಳೋ, ಬಿಟ್ಟು ಹೋದಳೋ, ಅದೊಂದು ನನಗೆ ತಿಳಿಯಬೇಕು. ಅಣ್ಣನನ್ನು ಕೇಳಿದರೆ ಲಾರಿ ಹೊರಡುವ ಹೊತ್ತಾಯಿತು ಅನ್ನುತ್ತಾನೆ.

ನಿಮ್ಮ ನಾದಿನಿ


ಜನವರಿ 24

ಬುಗುರಿಗೆ,

ಅತ್ತೆ ನಿನ್ನನ್ನು ಹಾಗೇ ಕರೆಯುತ್ತಿದ್ದರು, ನನ್ನ ಕೈಗೂ ಅದೇ ಬರುತ್ತದೆ. ಬೇಡ ಅಂದರೆ ಹೇಳು.

ಕೌದಿ ಹೊಲಿಯುತ್ತೇನೆ. ಆದರೆ ನೀಲಿ ಹೂವಿನ ನಿಲುವಂಗಿ ಮೂರು ವರ್ಷದ ಕೆಳಗೇ ಹೊಲಿಗೆ ಮೆಷಿನ್ ಒರೆಸುವ ಬಟ್ಟೆಯಾಯಿತು. ಪರದೆ ಬಿಸಿಲಿಗೆ ಸುಟ್ಟು ಕೈಯಿಟ್ಟರೆ ಹರಿಯುತ್ತದೆ. ಬೀರುವಿನಲ್ಲಿ ಇರುವುದು ಇಷ್ಟು: ಕಂದು ಬಣ್ಣದ ಕಾರ್ಡುರಾಯ್ ಲಂಗ, ಸಾಸಿವೆ ಬಣ್ಣದ ಮಕಮಲ್ ಜಾಕೀಟು, ಮಾವನವರ ಬೂದು ಫ್ಲಾನೆಲ್ ಶರ್ಟು, ಗೀರು ಗೀರು ನೇಯ್ಗೆಯ ಹಸಿರು ಲಂಗ, ಕಿತ್ತಳೆ ಬಣ್ಣದ ಉಣ್ಣೆ ಕೋಟು. ಕೊನೆಯ ವರ್ಷಗಳಲ್ಲಿ ಅತ್ತೆ ಹಾಕಿಕೊಂಡದ್ದು ಇವನ್ನೇ. ಕಾರ್ಡುರಾಯ್ ದಪ್ಪ, ಕಾಗದದ ಮೇಲೆ ಮಡಚಿ ಕಚ್ಚಾ ಹೊಲಿಗೆ ಹಾಕುವಾಗ ಸೂಜಿ ಮುರಿಯುತ್ತದೆ, ಮುರಿಯಲಿ.

ಒಳಗಿಡುವ ಕಾಗದವೂ ಗಟ್ಟಿಯಾಗಿರಬೇಕು, ಇಲ್ಲದಿದ್ದರೆ ಮೂಲೆ ನಿಲ್ಲುವುದಿಲ್ಲ. ನೀನು ಕಳಿಸಬೇಡ. ಇಲ್ಲಿ ಬೇಕಾದಷ್ಟಿದೆ.

ನಿನ್ನ ಏಪ್ರಿಲ್ ಕಾಗದ ಬಂದಿತ್ತು.

ಅತ್ತಿಗೆ


ಫೆಬ್ರವರಿ 6

ಅತ್ತಿಗೆಗೆ,

ಬಂದಿತ್ತು ಅಂದರೆ ಏನರ್ಥ? ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಬೇಡಿ. ಬಂದದ್ದು ಅಂಚೆಯವನಿಗೂ ಗೊತ್ತು. ನಾನು ಕೇಳಿದ್ದು, ಓದಿದಳೇ ಅಂತ.

ನೀವು ಬರೆದ ಬಟ್ಟೆಗಳ ಪಟ್ಟಿ ಓದಿ ಮೈ ಉರಿಯಿತು. ಅಣ್ಣ ಹೋದ ವರ್ಷ ಕಳಿಸಿದ್ದ ಫೋಟೋ ತೆಗೆದು ನೋಡಿದೆ. ಹಸಿರು ಲಂಗದ ಮೇಲೆ ಕಿತ್ತಳೆ ಕೋಟು, ಒಂದು ಕಾಲಿಗೆ ಕಂದು ಕಾಲುಚೀಲ, ಇನ್ನೊಂದಕ್ಕೆ ಬಿಳಿ. ಇವಳು ಯಾರು? ದಾರದುಂಡೆ ಕೊಳ್ಳುವಾಗ ಬಾಗಿಲಿಗೆ ಬಂದು ಬಿಸಿಲಿನಲ್ಲಿ ಹಿಡಿದು ನೋಡುತ್ತಿದ್ದ ನನ್ನ ಅಮ್ಮನೇ? ಮನೆಯಲ್ಲಿ ದರ್ಜಿ ಸೊಸೆ, ಊರಿನವರ ಬಟ್ಟೆಯೆಲ್ಲ ಅಳತೆಗೆ ಸರಿಯಾಗಿ ಹೊಲಿಯುತ್ತಾಳೆ, ಅತ್ತೆಗೆ ಮಾತ್ರ ಒಂದಕ್ಕೊಂದು ಹೊಂದುವ ಜೊತೆ ಬಟ್ಟೆಯಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುವುದನ್ನು ಚೆನ್ನಾಗಿಯೇ ತೋರಿಸಿದಿರಿ.

ಅವಳ ಸಿಟ್ಟಿನ ಕಥೆಯನ್ನೂ ಹೇಳಿಬಿಡುತ್ತೇನೆ, ಆಗ ನೀವು ನಿಮ್ಮ ಹೊಲಿಗೆ ಅಂಗಡಿಯಲ್ಲಿದ್ದಿರಿ. ನಾಲ್ಕು ವರ್ಷದ ಕೆಳಗೆ ಬಂದಿದ್ದೆನಲ್ಲ, ಹೊಸ ಹಸಿರು ಉಡುಪು ಹಾಕಿಕೊಂಡು. ಅವಳಿಗೆ ತೋರಿಸಬೇಕು ಅಂತಲೇ ಹಾಕಿಕೊಂಡದ್ದು. ಮುಖ ಎತ್ತಿ ಒಂದು ನಗೆ ನಕ್ಕು, "ಕೆಂಪು ನಿಂಗೆ ತುಂಬಾ ಒಪ್ಪತ್ತೆ ಕಣೆ" ಅಂದಳು. ಕಣ್ಣೆದುರು ಹಸಿರು ನಿಂತಿದೆ, ಕೆಂಪು ಒಪ್ಪುತ್ತದಂತೆ! ಬಣ್ಣದ ಅಂಗಡಿಯವಳಿಗೆ ಬಣ್ಣದಲ್ಲೇ ಕುಟುಕಿದಳು. ಮರುದಿನ ಬೆಳಿಗ್ಗೆ ಹೊರಟುಬಿಟ್ಟೆ, ಅವಳು ತಡೆಯಲೂ ಇಲ್ಲ. ಆಮೇಲೆ ಬಂದ ಕಾಗದಗಳೋ, ಎರಡೆರಡೇ ಸಾಲು, ಅದೂ ಒಂದರ ಮೇಲೊಂದು ಹತ್ತಿಸಿ ಗೀಚಿದ್ದು. ಓದಲಾಗದ ಹಾಗೆ ಬರೆದರೆ ಬರೆದ ಹಾಗೂ ಆಯಿತು, ಬರೆಯದ ಹಾಗೂ ಆಯಿತು.

ಬಟ್ಟೆಯ ಚೂರುಗಳನ್ನು ಕಳಿಸಿ. ನೋಡದೆ ಒಪ್ಪುವುದಿಲ್ಲ.

ನಾದಿನಿ


ಮಾರ್ಚ್ 2

ಬುಗುರಿಗೆ,

ಚೂರುಗಳನ್ನು ಲಕೋಟೆಯಲ್ಲಿಟ್ಟಿದ್ದೇನೆ. ನೀನು ಹೇಳಿದ ಬಣ್ಣಗಳಿಗೆ ಹತ್ತಿರವಾದದ್ದು ಏನಾದರೂ ಸಿಗುತ್ತದೇನೋ ಅಂತ ಬೀರುವಿನ ತಳದವರೆಗೂ ಹುಡುಕಿದೆ. ದಿಂಬಿನ ಕವರೊಂದು ಸಿಕ್ಕಿತು, ಕೆನೆ ಬಣ್ಣದ್ದು, ಸೇರಿಸಿಕೊಂಡಿದ್ದೇನೆ.

ಎಲ್ಲವನ್ನೂ ಅಂಗಡಿಯ ಕತ್ತರಿಸುವ ಮೇಜಿನ ಮೇಲೆ ಹರಡಿಕೊಂಡು ಮೂರು ದಿನ ಜೋಡಿಸಿ ನೋಡಿದೆ. ಜಿಪ್ ಹಾಕಿಸಲು ಬಂದ ಬೇಕರಿಯ ಹೆಂಗಸು, ಇದ್ಯಾವ ಜಾತ್ರೆ ಅಂತ ಕೇಳಿದಳು. ಹೊರಗಿನಿಂದ ನೋಡಿದವರಿಗೆ ಹಾಗೇ ಕಾಣುತ್ತದೆ, ಗೊತ್ತಿದೆ.

ಆ ಬಟ್ಟೆಗಳನ್ನು ಅತ್ತೆ ತಾವೇ ಆರಿಸಿಕೊಂಡರು. ಬಟ್ಟೆಯಂಗಡಿಗೆ ಹೋದರೆ ಥಾನಿನ ತುದಿಯನ್ನು ಹೆಬ್ಬೆರಳಲ್ಲಿ ಉಜ್ಜಿ, "ಇದು" ಅನ್ನುತ್ತಿದ್ದರು. ಬಣ್ಣ ನೋಡಿ ಅತ್ತೆ ಅಂದರೆ, "ಬಣ್ಣ ಕಟ್ಕೊಂಡು ಏನ್ಮಾಡ್ಲಿ" ಅನ್ನುತ್ತಿದ್ದರು. ಇದಕ್ಕಿಂತ ಹೆಚ್ಚು ನಾನು ಹೇಳುವ ಹಾಗಿಲ್ಲ.

ಅತ್ತಿಗೆ


ಮಾರ್ಚ್ 15

ಅತ್ತಿಗೆಗೆ,

ಚೂರುಗಳು ಬಂದವು. ಅಂಗಡಿಯ ಕೌಂಟರಿನ ಮೇಲೆ ಜೋಡಿಸಿದೆ. ಕಿತ್ತಳೆಯ ಪಕ್ಕ ಆ ಹಸಿರು, ಸಾಸಿವೆಯ ಪಕ್ಕ ಆ ಬೂದು. ಒಬ್ಬರನ್ನೊಬ್ಬರು ಕಂಡರಾಗದ ಓರಗಿತ್ತಿಯರನ್ನು ಒಂದೇ ಬೆಂಚಿನ ಮೇಲೆ ಕೂರಿಸಿದಂತಿದೆ. ಹೇಳಿದರೆ ಬೇಜಾರಾಗಬೇಡಿ, ಕಣ್ಣಿಲ್ಲದವರು ಆರಿಸಿದ ಹಾಗಿದೆ.

ಅಮ್ಮನೇ ಆರಿಸಿದಳು ಅಂದರೆ ನಾನು ನಂಬಬೇಕೇ? ಹೇಳುವ ಹಾಗಿಲ್ಲ ಅಂತ ಬೇರೆ ಬರೆದಿದ್ದೀರಿ. ನಿಮ್ಮ ಬಾಯಿಗೆ ಬೀಗ ಹಾಕಿದವರು ಯಾರು? ನಿಜ ಹೇಳಲೇ? ಉಗ್ಗುವವರು, ಮಾತು ನುಂಗುವವರು, ಅರ್ಧ ಹೇಳಿ ನಿಲ್ಲಿಸುವವರು ಏನನ್ನೋ ಬಚ್ಚಿಟ್ಟಿರುತ್ತಾರೆ. ಅಮ್ಮನ ಒಳ್ಳೆಯ ಬಟ್ಟೆಗಳನ್ನು ಎಲ್ಲಿಗೆ ಸಾಗಿಸಿದಿರೋ, ನನ್ನ ಕಾಗದವನ್ನು ಏನು ಮಾಡಿದಿರೋ, ದೇವರಿಗೇ ಗೊತ್ತು.

ಏನಾದರೂ ಆಗಲಿ, ಹೊಲಿಯಿರಿ. ಕೆಟ್ಟದಾಗಿದ್ದರೂ ಅದು ಅಮ್ಮನ ಬಟ್ಟೆ. ಮೂರನೆಯ ಸಲ ಕೇಳುತ್ತಿದ್ದೇನೆ: ಆ ಕಾಗದ ಅವಳು ಓದಿದಳೇ?

ನಾದಿನಿ


ಮೇ 4

ಬುಗುರಿಗೆ,

ಅತ್ತೆ ಹೋಗಿ ಇವತ್ತಿಗೆ ಒಂದು ವರ್ಷ. ಕೌದಿಯ ಮೇಲ್ಪದರ ಮುಗಿಸಿ ಪಾರ್ಸೆಲ್ ಮಾಡಿದ್ದೇನೆ. ಇನ್ನೂರ ನಲವತ್ತು ತುಂಡು, ಎಲ್ಲವನ್ನೂ ಕೈಯಲ್ಲೇ ಸೇರಿಸಿದ್ದು. ಕೆಂಪು ಇಲ್ಲ.

ಹಿಂಬದಿಯ ಬಟ್ಟೆ ಜೋಡಿಸುವ ಮೊದಲು ಒಳಗಿನ ಕಾಗದ ತೆಗೆಯಬೇಕು. ಕಚ್ಚಾ ಹೊಲಿಗೆಯ ಬಿಳಿ ದಾರ ಎಳೆದರೆ ಒಂದೊಂದಾಗಿ ಬಿಟ್ಟುಕೊಳ್ಳುತ್ತವೆ. ಸಾಮಾನ್ಯವಾಗಿ ಅದನ್ನು ಹೊಲಿದವರೇ ಮಾಡುತ್ತಾರೆ. ಈ ಸಲ ನೀನೇ ತೆಗೆ.

ಅತ್ತಿಗೆ


ಮೇ 16

ಅತ್ತಿಗೆಗೆ,

ಪಾರ್ಸೆಲಿನ ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟರೆ ಕೆಡಲಿ.

ನನ್ನ ಕಾಗದಗಳು! ಅಮ್ಮನಿಗೆ ನಾನು ಬರೆದ ಕಾಗದಗಳನ್ನು ಕತ್ತರಿಸಿ ಅಚ್ಚು ಮಾಡಿಕೊಂಡಿದ್ದೀರಿ. ಮೊದಲ ದಾರ ಎಳೆದಾಗ ಶೇಡ್ ಕಾರ್ಡಿನ ಹಳದಿ ಬಿತ್ತು, ನಮ್ಮ ಅಂಗಡಿಯದೇ ಅಲ್ಲವೇ ಅಂದುಕೊಂಡು ತಿರುಗಿಸಿದೆ. ನನ್ನ ಅಕ್ಷರ. ಇನ್ನೂರ ನಲವತ್ತನ್ನೂ ನೆಲದ ಮೇಲೆ ಕೂತು ಎಳೆದೆ. "ಬೀರುವಿನ ಬೀಗದ ಕೈ ಅವಳ ಕೈಗೆ" ಅಂತ ಒಂದರಲ್ಲಿ. "ಅವಳು ಹೊಲಿದದ್ದು ಒಂದೇ ಒಗೆತಕ್ಕೆ" ಅಂತ ಒಂದರಲ್ಲಿ. "ಅತ್ತಿಗೆಗೆ ತೋರಿಸಬೇಡ" ಅಂತ ಎಷ್ಟೋ ತುಂಡುಗಳಲ್ಲಿ.

ಮಗಳು ತಾಯಿಗೆ ಬರೆದದ್ದನ್ನು, ತಾಯಿ ಕಣ್ಣು ಮುಚ್ಚಿದ ಮೇಲೆ ಪೆಟ್ಟಿಗೆ ಒಡೆದು ಓದಿದಿರಿ. ಓದಿದ್ದು ಸಾಲದು ಅಂತ ಕತ್ತರಿ ಹಾಕಿ ನನಗೇ ಕಳಿಸಿದಿರಿ, ನೋಡಿಕೋ ಅಂತ. ಕದ್ದು ಓದುವವರಿಗೆ ತಮ್ಮ ಬಗ್ಗೆ ಒಳ್ಳೆಯ ಮಾತು ಸಿಗುವುದಿಲ್ಲ, ಅದಕ್ಕೆ ನಾನು ಹೊಣೆಯಲ್ಲ. ನಾನು ಬರೆದದ್ದು ನಿಮಗಲ್ಲ.

ನಾದಿನಿ


ಜೂನ್ 1

ಬುಗುರಿಗೆ,

ಪೆಟ್ಟಿಗೆ ಒಡೆಯಲಿಲ್ಲ. ಆ ಕಾಗದಗಳನ್ನು ಒಂದೊಂದಾಗಿ, ಬಂದ ಬಂದ ದಿನವೇ, ನಾನು ಓದಿದ್ದೇನೆ. ಗಟ್ಟಿಯಾಗಿ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ಎದುರಿಗೆ ಅತ್ತೆಯನ್ನು ಕೂರಿಸಿಕೊಂಡು.

ಅತ್ತೆಗೆ ಕಣ್ಣು ಕಾಣುತ್ತಿರಲಿಲ್ಲ.

ಬಣ್ಣ ಮೊದಲು ಹೋಯಿತು. ನೀನು ಹಸಿರು ಉಡುಪಿನಲ್ಲಿ ಬಂದಾಗಲೇ ಅವರಿಗೆ ಆಕಾರ ಮಾತ್ರ ಮಸುಕು ಮಸುಕಾಗಿ ಕಾಣುತ್ತಿತ್ತು. ಕೆಂಪು ಉಡುಪು ತಗೊಂಡೆ ಅಂತ ಅದರ ಹಿಂದಿನ ಕಾಗದದಲ್ಲಿ ನೀನೇ ಬರೆದಿದ್ದೆ, ಓದಿ ಹೇಳಿದವಳು ನಾನು. ಆಮೇಲೆ ಅಂಗಡಿಯಲ್ಲಿ ಬದಲಾಯಿಸಿಕೊಂಡೆಯೋ ಏನೋ, ನಮಗೆ ಹೇಗೆ ಗೊತ್ತು? ಕಾಣುತ್ತಿದೆ ಅಂತ ನಿನಗೆ ತೋರಿಸಿಕೊಳ್ಳಲು ಅಷ್ಟು ನೆನಪಿಟ್ಟುಕೊಂಡು ಕೂತಿದ್ದರು. ನೀನು ಹೋದ ಮೇಲೆ ಎರಡು ದಿನ ಊಟ ಬಿಟ್ಟರು. ನಿನ್ನ ಅಣ್ಣನ ತಲೆಯ ಮೇಲೆ ನನ್ನ ಕೈ ಇಡಿಸಿ ಆಣೆ ಹಾಕಿಸಿಕೊಂಡರು. "ಅವಳಿಗೆ ಬಣ್ಣ ಕಲಿಸಿದೋಳು ನಾನು. ನಾನೇ ಕುರುಡಿ ಅಂತ ಅವಳಿಗೆ ಗೊತ್ತಾಗಬಾರದು." ಇವತ್ತು ಆ ಆಣೆ ಮುರಿಯುತ್ತಿದ್ದೇನೆ. ಕಣ್ಣಿಲ್ಲದವರು ಆರಿಸಿದ ಹಾಗಿದೆ ಅಂತ ನೀನು ಬರೆದ ದಿನವೇ ಮುರಿಯಬೇಕಿತ್ತು.

ಆ ಎರಡೆರಡು ಸಾಲು ಅವರೇ ಬರೆದದ್ದು. ಕೈ ಕೆಳಗೆ ನಾನು ರಟ್ಟಿನ ಅಂಚು ಹಿಡಿಯುತ್ತಿದ್ದೆ. ನಾನು ಅಂಗಡಿಯಲ್ಲಿದ್ದ ದಿನ ಬರೆದರೆ ಸಾಲಿನ ಮೇಲೆ ಸಾಲು ಹತ್ತುತ್ತಿತ್ತು. ಬಟ್ಟೆ ಕೈಗೆ ಹಿತವಾದದ್ದನ್ನು ಹಾಕಿಕೊಂಡರು. ಕಾಲುಚೀಲ ಜೋಡಿಸಿಡುತ್ತಿದ್ದೆ, ನಿನ್ನ ಸಹಾಯ ಬೇಡ ಅಂತ ತಾವೇ ಹುಡುಕಿ ಹಾಕಿಕೊಳ್ಳುತ್ತಿದ್ದರು. ನೂಲಿನಂತೆ ಸೀರೆ, ತಾಯಿಯಂತೆ ಮಗಳು.

ಈಗ ನನ್ನ ಮಾತು. ಬೀಗದ ಕೈಯ ವಿಷಯ ಬಂದ ಕಾಗದದಲ್ಲಿ ಆ ಸಾಲು ಬಿಟ್ಟು ಓದಿದೆ. ಅತ್ತೆ ತಲೆ ಎತ್ತಿ, "ಉಸಿರು ತಗೊಂಡೆಯಲ್ಲ, ಅಲ್ಲೇನಿದೆ? ಮೊದಲಿಂದ ಓದು" ಅಂದರು. ಓದಿದೆ. ಅಂದಿನಿಂದ ಒಂದಕ್ಷರ ಬಿಡಲಿಲ್ಲ. ನಾನು ಕಳ್ಳಿ ಅಂತ ನನ್ನ ಬಾಯಲ್ಲೇ ಓದಿದೆ. ಅಣ್ಣನ ಗ್ರಹಚಾರ ಅಂತ ಓದಿದೆ. "ಹೆತ್ತಿದ್ದರೆ ತಾನೇ ಅವಳಿಗೆ ತಾಯಿಯ ಸಂಕಟ ತಿಳಿಯೋದು" ಅಂತ ಬರೆದಿದ್ದೆಯಲ್ಲ, ಅದನ್ನೂ ಓದಿದೆ, ಓದಿ ಎದ್ದು ಹೋಗಿ ಅವರಿಗೆ ಕುಡಿಯಲು ಬಿಸಿನೀರು ತಂದೆ. ಪ್ರತಿ ಸಲ ಕೊನೆಗೆ "ಅತ್ತಿಗೆಗೆ ತೋರಿಸಬೇಡ" ಅಂತ ಓದುವಾಗ ಮೊದಮೊದಲು ಇಬ್ಬರಿಗೂ ನಗು ಬರುತ್ತಿತ್ತು. ಆಮೇಲೆ ಬರಲಿಲ್ಲ.

ಅತ್ತೆ ಏನಂದರು ಅಂತ ಕೇಳುತ್ತೀಯಾ? "ದೂರ ಇರೋಳು, ಹೋಗಲಿ ಬಿಡು" ಅಂದರು. ಅಷ್ಟೇ. ರಟ್ಟು ಹಿಡಿದು ಕೂತಾಗೆಲ್ಲ ಕಾದೆ, ಈ ಸಲವಾದರೂ ನನ್ನ ಪರ ಒಂದು ಸಾಲು ಬರೆಯುತ್ತಾರೇನೋ ಅಂತ. "ಚೆನ್ನಾಗಿದ್ದೇನೆ, ಚಳಿಯಲ್ಲಿ ಹುಷಾರು" ಅಂತ ಬರೆದುಕೊಂಡು ಹೋಯಿತು ಆ ಕೈ. ನಿನ್ನ ಮೇಲೆ ಅವರಿಗೆ ಸಿಟ್ಟಿರಲಿಲ್ಲ ಬುಗುರಿ. ಅಂಚೆಯವನ ಸೈಕಲ್ ಸದ್ದಿಗೆ ಕಿವಿ ನೆಟ್ಟಗಾಗುತ್ತಿತ್ತು. ಸಿಟ್ಟಿದ್ದದ್ದು ನನಗೆ.

ಅದಕ್ಕೇ ಇದನ್ನೂ ಹೇಳಬೇಕು. ನಿನ್ನ ಏಪ್ರಿಲ್ ಕಾಗದ ಬಂದಾಗ ಅತ್ತೆ ಹಾಸಿಗೆ ಹಿಡಿದಿದ್ದರು, ಆದರೆ ಮಾತು ತಿಳಿಯುತ್ತಿತ್ತು. ನಲವತ್ತು ಓದಿದ್ದೆ, ನಲವತ್ತೊಂದನೆಯದನ್ನು ಓದಲು ಬಾಯಿ ಬರಲಿಲ್ಲ. ಮತ್ತೆ ಅದೇ ಇರುತ್ತದೆ ಅಂದುಕೊಂಡೆ. ಒಡೆಯದೆ ಮೆಷಿನ್ನಿನ ಡ್ರಾಯರಿನಲ್ಲಿ ಹಾಕಿ, ಏನೂ ಬಂದಿಲ್ಲ ಅತ್ತೆ ಅಂದೆ. ಮೂರನೆಯ ದಿನ ಅವರು ಹೋದರು. ಈ ಫೆಬ್ರವರಿಯಲ್ಲಿ ಅಚ್ಚು ಕತ್ತರಿಸಲು ಅದನ್ನೂ ಒಡೆದೆ. "ಅಮ್ಮಾ, ನನ್ನದೇ ತಪ್ಪು, ಬರುತ್ತಿದ್ದೇನೆ" ಅಂತ ಮೊದಲ ಸಾಲು ಕಂಡಿತು. ಮುಂದೆ ಓದಲಿಲ್ಲ, ಕತ್ತರಿಯನ್ನೂ ಹಾಕಲಿಲ್ಲ. ಇದರ ಜೊತೆ ಇಟ್ಟಿದ್ದೇನೆ.

ಕೌದಿಯನ್ನು ಬೆಳಕಿನಲ್ಲಿ ನೋಡಬೇಡ. ಅದನ್ನು ಜೋಡಿಸಿದ್ದು ಬಣ್ಣಕ್ಕಲ್ಲ.

ಅತ್ತಿಗೆ


ಸೆಪ್ಟೆಂಬರ್ 11

ಅತ್ತಿಗೆಗೆ,

ಮೂರು ತಿಂಗಳಲ್ಲಿ ಎಷ್ಟೋ ಬರೆದೆ, ಹರಿದೆ. ಕ್ಷಮಿಸಿ ಅಂತ ಒಂದರಲ್ಲಿ, ಕೊಲೆಗಾತಿ ಅಂತ ಇನ್ನೊಂದರಲ್ಲಿ. ಎರಡೂ ನಿಜ, ಎರಡನ್ನೂ ಒಂದೇ ಕಾಗದದಲ್ಲಿ ಬರೆಯುವುದು ಹೇಗೆ ಅಂತ ತಿಳಿಯಲಿಲ್ಲ.

ನಲವತ್ತು ಕಾಗದವನ್ನು ಹಾಗೆ ಬರೆದವಳು ನಾನು. ನಲವತ್ತೊಂದನೆಯದನ್ನು ನೀವು ಓದಲಿಲ್ಲ ಅಂತ ಯಾವ ಬಾಯಲ್ಲಿ ಬೈಯಲಿ? ಆದರೂ ಬೈಯುತ್ತೇನೆ. ಅಂಗಡಿಯಲ್ಲಿ ಬಣ್ಣ ಕಲಕುತ್ತಾ ಬೈಯುತ್ತೇನೆ, ದಾರಿಯಲ್ಲಿ ಬೈಯುತ್ತೇನೆ. ಮೂರು ದಿನ ಇತ್ತಲ್ಲ ಅತ್ತಿಗೆ. ಒಂದು ಸಾಲು ಸಾಕಿತ್ತಲ್ಲ. ನನ್ನನ್ನೂ ಬೈದುಕೊಳ್ಳುತ್ತೇನೆ. ಎದುರಿಗೆ ನಿಂತು ಅವಳ ಕಣ್ಣು ನೋಡಿದೆ, ಕಾಣುತ್ತಿಲ್ಲ ಅಂತ ತಿಳಿಯಲಿಲ್ಲ. ಗೋಡೆಯ ಚೂರು ನೋಡಿ ಬಣ್ಣ ಹೇಳುವವಳು ನಾನು.

ಕೌದಿಗೆ ಹಿಂಬದಿ ಹಾಕಿಸಿದೆ. ಬಣ್ಣ ಈಗಲೂ ಕೆಟ್ಟದಾಗಿಯೇ ಇದೆ, ಸುಳ್ಳು ಹೇಳುವುದಿಲ್ಲ. ಕಣ್ಣು ಮುಚ್ಚಿ ಕೈಯಾಡಿಸಿದೆ. ನಡುವೆ ಮಕಮಲ್, ಸುತ್ತ ಅಪ್ಪನ ಫ್ಲಾನೆಲ್, ತುದಿಗೆ ಕಾರ್ಡುರಾಯ್, ಹಾಸಿಗೆ ಎಲ್ಲಿ ಮುಗಿಯುತ್ತದೆ ಅಂತ ಕೈಗೆ ತಿಳಿಯುವ ಹಾಗೆ. ಅಮ್ಮನ ಕೈಗೆ ಹೊಲಿದದ್ದು ಅದು, ನನಗಲ್ಲ.

ಆ ಏಪ್ರಿಲ್ ಕಾಗದವನ್ನು ನಿಮಗೇ ವಾಪಸು ಕಳಿಸುತ್ತಿದ್ದೇನೆ. ಬಿಚ್ಚಿ ನೋಡಲಿಲ್ಲ, ಏನು ಬರೆದಿದ್ದೆ ಅಂತ ನನಗೆ ನೆನಪಿದೆ. ನನಗಾಗಿ ಒಂದು ಕೆಲಸ ಮಾಡಿ. ಆ ಕುರ್ಚಿಯಲ್ಲಿ ಕೂತು, ಅವಳ ಕುರ್ಚಿಯನ್ನು ಎದುರಿಗೆ ಇಟ್ಟುಕೊಂಡು, ಗಟ್ಟಿಯಾಗಿ ಓದಿ. ನಲವತ್ತನ್ನು ಓದಿದ ದನಿಯಲ್ಲೇ ಇದನ್ನೂ ಓದಿ. ಒಂದಕ್ಷರ ಬಿಡಬೇಡಿ.

ನಾದಿನಿ


ಸೆಪ್ಟೆಂಬರ್ 29

ಬುಗುರಿಗೆ,

ಓದಿದೆ. ಭಾನುವಾರ ಮಧ್ಯಾಹ್ನ, ಅಂಗಡಿ ಮುಚ್ಚಿದ ದಿನ. ಅತ್ತೆಯ ಕುರ್ಚಿಯನ್ನು ಕಿಟಕಿಯ ಹತ್ತಿರ ಎಳೆದುಕೊಂಡೆ. ನಿನ್ನ ಅಣ್ಣ ಬಾಗಿಲವರೆಗೆ ಬಂದು ನಿಂತ, ಒಳಗೆ ಬರಲಿಲ್ಲ.

ಅರ್ಧಕ್ಕೆ ನಿಲ್ಲಿಸಿದೆ. ನೀರು ಕುಡಿದು ಮತ್ತೆ ಮೊದಲಿಂದ ಓದಿದೆ, ಅತ್ತೆ ಇದ್ದಿದ್ದರೆ ಹಾಗೇ ಓದಿಸುತ್ತಿದ್ದರು. ಒಳ್ಳೆಯ ಕಾಗದ. ಅವರು ಕೇಳಬೇಕಿತ್ತು, ಕೇಳಿಸದೆ ಉಳಿದದ್ದು ನನ್ನಿಂದ. ಅದಕ್ಕೆ ನಾನು ಕ್ಷಮೆ ಕೇಳುವುದಿಲ್ಲ, ನೀನು ಕೊಡುವುದೂ ಬೇಡ.

ನೀನು ಹೇಳಿದಂತೆ ಒಂದಕ್ಷರ ಬಿಡಲಿಲ್ಲ. ಕೊನೆಯ ಸಾಲು ನಿನಗೆ ನೆನಪಿಲ್ಲವೇನೋ. ಅದನ್ನೂ ಅದೇ ದನಿಯಲ್ಲಿ ಓದಿದೆ. "ಇದನ್ನು ಅತ್ತಿಗೆಗೆ ತೋರಿಸಬೇಡ" ಅಂತ ಇದೆ.

ಅತ್ತಿಗೆ